ಎಷ್ಟು ಹೂಳಬೇಕು

ನಮ್ಮ ಫೆರೋ ದ್ವೀಪದಲ್ಲಿ ಮರಗಳಿಲ್ಲ.
ಗಾಳಿ ಬಿಡುವುದಿಲ್ಲ, ಗಾಳಿ ಬಿಟ್ಟರೆ ಕುರಿ ಬಿಡುವುದಿಲ್ಲ.
ಹಾಗಾಗಿ ಮೀನುಬಲೆಯೊಂದು ಕಡಲ ಕೆಸರಿನಿಂದ
ಈ ಕೂವೆಕಂಬವನ್ನು ಎಳೆದು ತಂದ ದಿನ
ಶಾಲೆಯ ಮಕ್ಕಳು ಸಾಲಾಗಿ ಬಂದದ್ದು
ಮರ ನೋಡಲಿಕ್ಕೆ.
ಹದಿಮೂರು ಮೀಟರ್ ಪೈನು.
ಒಬ್ಬ ಹುಡುಗ ತುದಿಗೆ ಮೂಗು ಹಚ್ಚಿ
"ಇದು ಮೀನು" ಅಂದ.

ರೀಟಾ ಹಡಗಿನದು. ರೀಟಾ ಅಂದರೆ ನಮ್ಮಲ್ಲಿ ಒಂದು ಕಡಲಹಕ್ಕಿ.
ಇಪ್ಪತ್ತೊಂದು ಮಂದಿ, ಎಪ್ಪತ್ತು ವರ್ಷ.

ನಾನು ಬಡಗಿ. ನನ್ನ ದೋಣಿಮನೆಯಲ್ಲಿ ತೊಟ್ಟಿ ಕಟ್ಟಿ
ಸಿಹಿನೀರಿನಲ್ಲಿ ಮಲಗಿಸಿದೆ.
ಪ್ರತಿ ಸೋಮವಾರ ನೀರು ಬದಲಿಸುವ ಮೊದಲು
ಒಂದು ಹನಿ ನಾಲಿಗೆಗೆ,
ಸಾರಿಗೆ ಉಪ್ಪು ನೋಡುವ ಹಾಗೆ.
ಎರಡು ವರ್ಷ ಹೀಗೆ
ಆ ಸಮುದ್ರವನ್ನು ಹನಿಹನಿಯಾಗಿ ಚಾಖಿಸಿದೆ.
ಆಮೇಲೆ ಮೇಣದ ನೀರು,
ಆಮೇಲೆ ನೆರಳಲ್ಲಿ ಒಣಗುವ ಕಾಲ:
ಅವಸರ ಮಾಡಿದರೆ ಉದ್ದಕ್ಕೂ ಸೀಳುತ್ತದೆ,
ದುಃಖದ ಮನೆಯಲ್ಲಿ ಮೊದಲ ನಗು ಬಂದಂತೆ,
ಎಲ್ಲರಿಗೂ ಕೇಳುವಷ್ಟು ಜೋರಾಗಿ.

ಸಮಿತಿಯವರು ಬಂದರು. ಹುಳು ಕೊರೆದ ತೂತು ಮುಚ್ಚಿ,
ಬಿಳಿ ಬಣ್ಣ ಬಳಿ, ಹಿತ್ತಾಳೆ ಫಲಕ ಹೊಡಿ ಅಂದರು.
ತಲೆಯಾಡಿಸಿದೆ. ತಲೆಯಾಡಿಸಲು ಖರ್ಚಿಲ್ಲ.
ಕೊಳೆತದ್ದನ್ನು ಉಳಿಯಲ್ಲಿ ತೆಗೆದು
ಹೊಸ ತುಂಡನ್ನು ಎಳೆಗೆ ಎಳೆ ಕೂಡಿಸಿ ಕೂರಿಸಿದೆ.
ತೂತುಗಳನ್ನು ಬಿಟ್ಟೆ.
ಹುಳುವೂ ಅಲ್ಲಿ ಕೆಲಸ ಮಾಡಿದೆ.

ಹಳೆಯ ಡಾಂಬರು ಕೆರೆಯುತ್ತಿದ್ದಾಗ ಸಿಕ್ಕವು
ಮೂರು ಗೀರು, ಒಂದರ ಮೇಲೊಂದು,
ಪಕ್ಕದಲ್ಲಿ ಚಾಕುವಿನಲ್ಲಿ ಕೊರೆದ ಒಂದಕ್ಷರ.
ಹಡಗಿನ ಅಡುಗೆಹುಡುಗ ಹೆರ್ಮುಂದುರ್
ಒಂದೊಂದು ಯಾನಕ್ಕೊಮ್ಮೆ ಬೆನ್ನು ಕೊಟ್ಟು ನಿಂತ ಎತ್ತರ.

ಅವನ ತಂಗಿ ಸುನ್ನೆವಾ ಇದ್ದಾಳೆ, ಎಂಬತ್ತಾರು.
ಬಂದಳು. ಮುಟ್ಟಲಿಲ್ಲ. ಕನ್ನಡಕ ಒರೆಸಿಕೊಂಡು ಹೇಳಿದಳು:
"ಕೊನೆಯ ಕಾಗದದಲ್ಲಿ ಬರೆದಿದ್ದ,
ಈಗ ನಿನಗಿಂತ ಎತ್ತರವಾಗಿದ್ದೇನೆ ಅಂತ.
ಸುಳ್ಳುಗಾರ ಅಂತ ಉತ್ತರ ಹಾಕಿದೆ.
ಅಂಚೆಯವರು ಅದನ್ನು ವಾಪಸು ತಂದುಕೊಟ್ಟರು."

ಇನ್ನು ಬೊಗಿ, ನಮ್ಮ ಎಂಜಿನಿಯರ್:
"ಎರಡೂವರೆ ಮೀಟರ್ ಕಾಂಕ್ರೀಟಿನೊಳಗೆ ಹೋಗಬೇಕು,
ಇಲ್ಲದಿದ್ದರೆ ಜನವರಿಗೆ ಉರುಳುತ್ತದೆ."
ಲೆಕ್ಕ ಸರಿ. ಆದರೆ ಬುಡದಿಂದ ಒಂದೂಕಾಲು ಮೀಟರಿಗೆ
ಬೆಣೆ ಬಡಿದ ಗುರುತಿದೆ, ಡೆಕ್ಕು ಅಲ್ಲಿತ್ತು.
ಅದಕ್ಕಿಂತ ಹೆಚ್ಚು ಹೂತರೆ
ಹುಡುಗ ಮೊಣಕಾಲೆತ್ತರಕ್ಕೂ ಉಳಿಯುವುದಿಲ್ಲ.
ಒಮ್ಮೆ ಮುಳುಗಿದ್ದು ಸಾಲದೆ?
"ಹಡಗಿನಲ್ಲಿ ಇದು ಹೇಗೆ ನಿಂತಿತ್ತು ಬೊಗಿ?"
ಬೊಗಿ ಸುಮ್ಮನಾದ. ಕಾಗದ ತಿರುಗಿಸಿ
ಕಂಬಕ್ಕೆ ಎರಡೂ ಕಡೆ ಹಗ್ಗ ಎಳೆದು ಬರೆದ.

ಈಗ ನೆಲವೇ ಡೆಕ್ಕು.
ಬಂದರಿನ ಜಲ್ಲಿಯ ಮೇಲೆ ಕಂಬ ನಿಂತಿದೆ,
ಆರು ಉಕ್ಕಿನ ಹಗ್ಗಗಳಲ್ಲಿ ಗಾಳಿ ನರಳುತ್ತದೆ,
ಕುರಿಗಳು ಬಂದು ಮೈ ಉಜ್ಜುತ್ತವೆ.

ಎಲ್ಲರೂ ಹೋದ ಮೇಲೆ ಸುನ್ನೆವಾ
ಜೇಬಿನಿಂದ ಉಣ್ಣೆಯ ನೂಲು ತೆಗೆದಳು.
ಮನೆಯ ಬಾಗಿಲಚೌಕಟ್ಟಿನಲ್ಲಿ ಅಪ್ಪ ಗುರುತು ಹಾಕಿದ್ದ
ಆ ವರ್ಷದ ಅವಳ ಎತ್ತರ, ತುದಿಗೊಂದು ಗಂಟು.
ನನ್ನನ್ನು ಬಗ್ಗಿಸಿ ಒಂದು ತುದಿ ನೆಲಕ್ಕೆ ಹಿಡಿಸಿದಳು.
ಗಂಟು ಮೂರನೆಯ ಗೀರನ್ನು ದಾಟಿ
ಒಂದು ಬೆರಳು ಮೇಲೆ ನಿಂತಿತು.

"ನೋಡಿದೆಯಾ" ಅಂದಳು, "ಸುಳ್ಳುಗಾರ."
ಗೆದ್ದವಳ ದನಿ. ನೂಲನ್ನು ಬೆರಳಿಗೆ ಸುತ್ತಿಕೊಳ್ಳುತ್ತ
ಸುತ್ತಿದ್ದನ್ನು ಬಿಚ್ಚುತ್ತ, ಮತ್ತೆ ಸುತ್ತುತ್ತ.

ಜಲ್ಲಿ ಹೊಸದು.
ಮೊದಲ ಚಳಿಗಾಲಕ್ಕೆ ಎರಡು ಬೆರಳು ಕೆಳಗಿಳಿಯುತ್ತದೆ,
ಕಂಬ ಇಳಿಯುವುದಿಲ್ಲ.
ನಾನು ಹೇಳಲಿಲ್ಲ.
ನೂಲು ಬಿಸಾಡಬೇಡ ಅಂದೆ, ಅಷ್ಟೆ.